1972ರ ಒಲಿಂಪಿಕ್ಸ್ ಮುಗಿದ ಮೇಲೆ ಮ್ಯೂನಿಕ್‌ನ ಒಲಿಂಪಿಕ್ ಪಾರ್ಕ್ ಏನಾಯಿತು?

ಅದು ಪಾಳು ಬೀಳಲಿಲ್ಲ, ಜನರ ಪಾರ್ಕ್ ಆಯಿತು. ಇದೇ ಅದರ ದೊಡ್ಡ ಗೆಲುವು ಅಂತ ನನಗನ್ನಿಸುತ್ತದೆ.

ಮೊದಲು ಇಲ್ಲಿ ಓಬರ್‌ವೀಸನ್‌ಫೆಲ್ಡ್ ಎಂಬ ವಿಮಾನ ನಿಲ್ದಾಣ ಇತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಕುಸಿದ ಕಟ್ಟಡಗಳ ಅವಶೇಷವನ್ನೂ ಇಲ್ಲೇ ತಂದು ಸುರಿದರು. ಕ್ರೀಡಾಕೂಟ ಬಂದಾಗ ಆ ರಾಶಿಯನ್ನು ಸಾಗಿಸಲಿಲ್ಲ. ಅದಕ್ಕೇ ಹಸಿರು ಹೊದಿಸಿ ಗುಡ್ಡವಾಗಿ ಉಳಿಸಿಕೊಂಡರು. ಈಗ ಅದನ್ನು ಹತ್ತಿದರೆ ಊರೆಲ್ಲ ಕಾಣುತ್ತದೆ. ವಾಸ್ತುಶಿಲ್ಪಿಗಳಾದ ಗುಂಟರ್ ಬೆನಿಶ್ ಮತ್ತು ಫ್ರೈ ಒಟ್ಟೊ ರೂಪಿಸಿದ ಸ್ಟೇಡಿಯಂ ಛಾವಣಿಯಂತೂ ಅದ್ಭುತ. ಉಕ್ಕಿನ ಕೇಬಲ್‌ಗಳ ಬಲೆ, ಅದರ ಮೇಲೆ ಬೆಳಕು ಬಿಡುವ ಅಕ್ರಿಲಿಕ್ ಹಾಳೆ. ಇಷ್ಟು ದೊಡ್ಡದಾದರೂ ಭಾರ ಅನ್ನಿಸುವುದೇ ಇಲ್ಲ.

ಆದರೆ ಅದೇ ಕೂಟದಲ್ಲಿ ಭಯೋತ್ಪಾದಕರ ದಾಳಿಗೆ ಇಸ್ರೇಲ್ ತಂಡದ 11 ಜನ ಮತ್ತು ಒಬ್ಬ ಜರ್ಮನ್ ಪೊಲೀಸ್ ಬಲಿಯಾದರು. ಅವರ ನೆನಪಿಗೆ ಪಾರ್ಕಿನಲ್ಲಿ 1995ರಲ್ಲಿ ಒಂದು ಕಲ್ಲಿನ ಸ್ಮಾರಕ ಇಟ್ಟರೂ, ದೊಡ್ಡ ಸ್ಮಾರಕ ಆಗಲು 2017ರವರೆಗೆ ಕಾಯಬೇಕಾಯಿತು. ಇದು ತೀರಾ ತಡ, ಅಲ್ವಾ?

1974ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆದದ್ದೂ ಇಲ್ಲೇ. ಇಲ್ಲಿ ಆಡುತ್ತಿದ್ದ ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ತಂಡ 2005ರಲ್ಲಿ ಹೊಸ ಮೈದಾನಕ್ಕೆ ಹೋಯಿತು. ಆಮೇಲೆ ಸಂಗೀತ ಕಾರ್ಯಕ್ರಮಗಳು ಸ್ಟೇಡಿಯಂ ತುಂಬಿಸಿದವು. 2022ರಲ್ಲಿ ಹಲವು ಕ್ರೀಡೆಗಳ ಯುರೋಪಿಯನ್ ಚಾಂಪಿಯನ್‌ಶಿಪ್ಸ್ ಬಂತು. ಕ್ರೀಡಾಗ್ರಾಮದಲ್ಲಿ ಈಗ ಸಂಸಾರಗಳು, ವಿದ್ಯಾರ್ಥಿಗಳು ವಾಸವಾಗಿದ್ದಾರೆ. ಈಜುಕೊಳದಲ್ಲಿ ಟಿಕೆಟ್ ಪಡೆದು ಯಾರು ಬೇಕಾದರೂ ಈಜಬಹುದು.