ಡ್ರಿಪ್ ಎಷ್ಟು, ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ನಮ್ಮ ತಂದೆಗೆ ಕರುಳಿನ ದೊಡ್ಡ ಆಪರೇಷನ್ ಆಯಿತು. 'ಗೋಲ್ ಡೈರೆಕ್ಟೆಡ್ ಥೆರಪಿ' ಅನುಸರಿಸಿದ್ದೇವೆ ಎಂದರು ವೈದ್ಯರು. ಬಿಪಿ ನೋಡಿಕೊಂಡು ಡ್ರಿಪ್ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗೋಲ್ ಡೈರೆಕ್ಟೆಡ್ ಥೆರಪಿ ಎಂದರೆ ರಕ್ತದ ಹರಿವನ್ನೇ ಅಳೆದು, ಅದಕ್ಕೊಂದು ಗುರಿಯಿಟ್ಟು ದ್ರವ, ಔಷಧಿ ಕೊಡುವುದು. ಬಿಪಿ ಸರಿಯಿದೆ ಎಂದಮಾತ್ರಕ್ಕೆ ರಕ್ತದ ಹರಿವು ಸರಿಯಿದೆ ಎನ್ನುವಂತಿಲ್ಲ. ಮೈಯಲ್ಲಿ ರಕ್ತ ಕಡಿಮೆಯಾದಾಗ ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಹಿಡಿದಿಡುತ್ತವೆ. ಅಷ್ಟರಲ್ಲಿ ಕರುಳಿಗೂ ಕಿಡ್ನಿಗೂ ರಕ್ತ ಕೊರತೆಯಾಗಿರುತ್ತದೆ, ಮಾನಿಟರ್ ಮಾತ್ರ 120/80 ತೋರಿಸುತ್ತಿರುತ್ತದೆ.

ಅಸಲು ಲೆಕ್ಕ ಆಮ್ಲಜನಕದ್ದು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 15 ಗ್ರಾಂ ಇದ್ದು, ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ಪಂಪ್ ಮಾಡಿದರೆ ಅಂಗಾಂಗಗಳಿಗೆ ನಿಮಿಷಕ್ಕೆ ಸುಮಾರು 1000 ಮಿ.ಲೀ. ಆಮ್ಲಜನಕ ತಲಪುತ್ತದೆ. ವಿಶ್ರಾಂತಿಯಲ್ಲಿ ಬಳಕೆಯಾಗುವುದು 250 ಮಿ.ಲೀ. ಮಾತ್ರ, ಉಳಿದದ್ದು ಮೀಸಲು. ಹಿಮೋಗ್ಲೋಬಿನ್ ಏಳೂವರೆಗೆ ಇಳಿದರೆ ಪೂರೈಕೆ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಹೃದಯವೂ ಸೋತರೆ ಮೀಸಲು ಕರಗುತ್ತದೆ. ಆಗ ಸುಮ್ಮನೆ ಸಲೈನ್ ಹರಿಸಿದರೆ ಇರುವ ರಕ್ತವೂ ತೆಳುವಾಗುತ್ತದೆ.

ಆಪರೇಷನ್ ಟೇಬಲ್ ಮೇಲೆ ಈ ಥೆರಪಿ ಮಾಡುವ ರೀತಿ ಸರಳ. ಅಪಧಮನಿಗೆ ಹಾಕಿದ ಲೈನ್ ಅಥವಾ ಅನ್ನನಾಳಕ್ಕೆ ಇಳಿಸಿದ ಡಾಪ್ಲರ್ (ಶಬ್ದತರಂಗದಿಂದ ರಕ್ತದ ಹರಿವು ಅಳೆಯುವ ಸಾಧನ) ಸಹಾಯದಿಂದ 'ಸ್ಟ್ರೋಕ್ ವಾಲ್ಯೂಮ್', ಅಂದರೆ ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತವನ್ನು ಅಳೆಯುತ್ತಾರೆ. 250 ಮಿ.ಲೀ. ದ್ರವವನ್ನು ಹತ್ತು ನಿಮಿಷದೊಳಗೆ ಕೊಟ್ಟು ನೋಡುತ್ತಾರೆ. ಸ್ಟ್ರೋಕ್ ವಾಲ್ಯೂಮ್ ಶೇ. 10ಕ್ಕಿಂತ ಹೆಚ್ಚು ಏರಿದರೆ ಹೃದಯಕ್ಕೆ ದ್ರವ ಒಗ್ಗಿತೆಂದು ಅರ್ಥ. ಏರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೂ ಬಿಪಿ ತಗ್ಗಿಯೇ ಇದ್ದರೆ ರಕ್ತನಾಳ ಬಿಗಿಗೊಳಿಸುವ ನಾರ್‌ಅಡ್ರಿನಲಿನ್, ಹೃದಯದ ಬಡಿತವೇ ದುರ್ಬಲವಾಗಿದ್ದರೆ ಅದಕ್ಕೆ ಬಲ ಕೊಡುವ ಡೊಬುಟಮಿನ್. ಇನ್ನೊಂದು ಬಾಟಲಿ ಅದಕ್ಕೆ ಉತ್ತರವಲ್ಲ.

ಹಾಗೆಂದು ದ್ರವವನ್ನು ತೀರಾ ಬಿಗಿಹಿಡಿಯುವುದೂ ಕ್ಷೇಮವಲ್ಲ. ಹೊಟ್ಟೆಯ ದೊಡ್ಡ ಆಪರೇಷನ್ ಆದ ಸುಮಾರು 3000 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ 'ರಿಲೀಫ್' ಅಧ್ಯಯನದಲ್ಲಿ, ದ್ರವ ಕಡಿಮೆ ಕೊಟ್ಟವರಲ್ಲಿ ಶೇ. 8.6, ಧಾರಾಳವಾಗಿ ಕೊಟ್ಟವರಲ್ಲಿ ಶೇ. 5 ಮಂದಿಗೆ ಕಿಡ್ನಿಗೆ ಪೆಟ್ಟಾಗಿತ್ತು.

ಪ್ರಶ್ನೆ: ಐಸಿಯು ನರ್ಸ್ ಆಗಿದ್ದೇನೆ. ಮಾನಿಟರ್‌ನಲ್ಲಿ ಎಸ್‌ವಿವಿ (ಉಸಿರಿನ ಜೊತೆ ಸ್ಟ್ರೋಕ್ ವಾಲ್ಯೂಮ್ ಶೇಕಡಾ ಎಷ್ಟು ಏರಿಳಿಯುತ್ತದೆ ಎಂಬ ಅಂಕಿ) 16 ಬಂದರೆ ದ್ರವ ಕೊಡಬೇಕೆಂದೇ ಅರ್ಥವೇ? ಕಾಲೆತ್ತಿ ನೋಡುವ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ?

ಎಸ್‌ವಿವಿ 13 ದಾಟಿದರೆ ದ್ರವಕ್ಕೆ ಹೃದಯ ಸ್ಪಂದಿಸೀತು ಎಂಬುದು ನಿಜ, ಆದರೆ ಷರತ್ತುಗಳಿವೆ. ರೋಗಿ ಪೂರ್ತಿ ವೆಂಟಿಲೇಟರ್ ಮೇಲಿರಬೇಕು, ತಾನಾಗಿ ಉಸಿರೆಳೆಯುತ್ತಿರಬಾರದು. ಒಂದೊಂದು ಉಸಿರೂ ಕಿಲೋಗೆ 8 ಮಿ.ಲೀ. ಆದರೂ ಇರಬೇಕು. ಹೃದಯದ ಲಯ ತಪ್ಪಿರಬಾರದು. ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ಆ ಅಂಕಿಯನ್ನು ನೋಡಲೇಬೇಡಿ. ಐಸಿಯುವಿನಲ್ಲಿ ಈ ಎಲ್ಲ ಷರತ್ತುಗಳೂ ಒಟ್ಟಿಗೆ ಕೂಡಿಬರುವ ರೋಗಿಗಳು ಕಡಿಮೆ. ಹಾಗಾಗಿಯೇ ಕಾಲೆತ್ತುವ ಪರೀಕ್ಷೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಲಯ ತಪ್ಪಿದ್ದರೂ, ರೋಗಿ ಸ್ವಂತ ಉಸಿರಾಡುತ್ತಿದ್ದರೂ ನಡೆಯುತ್ತದೆ.

ರೋಗಿಯನ್ನು 45 ಡಿಗ್ರಿ ತಲೆ ಎತ್ತಿ ಒರಗಿಸಿಕೊಂಡೇ ಶುರುಮಾಡಿ. ಸ್ಟ್ರೋಕ್ ವಾಲ್ಯೂಮ್ ಬರೆದುಕೊಳ್ಳಿ. ಈಗ ಮಂಚದ ಬಟನ್ ಒತ್ತಿ ಮುಂಡವನ್ನು ಸಮತಟ್ಟಾಗಿಸಿ, ಕಾಲಿನ ಭಾಗವನ್ನು 45 ಡಿಗ್ರಿ ಎತ್ತಿ. ಕಾಲುಗಳಿಂದಲೂ ಹೊಟ್ಟೆಯಿಂದಲೂ ಸುಮಾರು 300 ಮಿ.ಲೀ. ರಕ್ತ ಹೃದಯಕ್ಕೆ ಬರುತ್ತದೆ. ಒಂದು ನಿಮಿಷದೊಳಗೆ ಓದಿಬಿಡಬೇಕು, ಆಮೇಲೆ ಪರಿಣಾಮ ಇಳಿಯುತ್ತದೆ. ಮತ್ತೆ ಮೊದಲಿನ ಭಂಗಿಗೆ ತಂದು, ಅಂಕಿ ಹಳೆಯ ಜಾಗಕ್ಕೆ ಮರಳಿತೇ ನೋಡಿ.

ಕೈಯಲ್ಲಿ ಹಿಮ್ಮಡಿ ಹಿಡಿದು ಎತ್ತುವುದೇ ಎಲ್ಲರೂ ಮಾಡುವ ತಪ್ಪು. ನೋವಾಗಿ, ಕೆಮ್ಮು ಬಂದು ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಅದನ್ನೇ ದ್ರವದ ಗುಣ ಎಂದುಕೊಳ್ಳುತ್ತೇವೆ. ಬರೀ ಬಿಪಿ ನೋಡಿ ತೀರ್ಮಾನಿಸುವುದು ಎರಡನೆಯ ತಪ್ಪು. ಹೊಟ್ಟೆ ಬಿಗಿದು ಉಬ್ಬಿದ್ದರೆ ಫಲಿತಾಂಶ ಸುಳ್ಳಾಗಬಹುದು. ತಲೆಯೊಳಗಿನ ಒತ್ತಡ ಏರಿದವರಲ್ಲಿ ಮಾಡಬೇಡಿ.

ಇದಕ್ಕೂ ಮೊದಲು ಟ್ರಾನ್ಸ್‌ಡ್ಯೂಸರ್ (ಅಪಧಮನಿ ಲೈನಿನ ಒತ್ತಡ ಅಳೆಯುವ ಸಾಧನ) ನೋಡಿ. ಅದು ನಾಲ್ಕನೇ ಪಕ್ಕೆಲುಬು ಸಂದಿಯ ನೇರಕ್ಕೆ, ಎದೆಯ ಪಕ್ಕದ ನಡುಮಟ್ಟದಲ್ಲಿರಬೇಕು. 10 ಸೆಂ.ಮೀ. ಕೆಳಗೆ ಜಾರಿದರೆ ಬಿಪಿ ಸುಮಾರು 7.5 ಮಿ.ಮೀ. ಹೆಚ್ಚು ತೋರಿಸುತ್ತದೆ, ಸರಾಸರಿ ಬಿಪಿ 58 ಇದ್ದದ್ದು 65 ದಾಟಿದಂತೆ ಕಾಣುತ್ತದೆ! ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಇದ್ದರೂ ಅಲೆ ಚಪ್ಪಟೆಯಾಗಿ ಎಸ್‌ವಿವಿ ನಂಬಲಾಗದು.

ಇನ್ನು, ದ್ರವಕ್ಕೆ ಸ್ಪಂದಿಸುತ್ತಾರೆ ಎಂದರೆ ದ್ರವ ಬೇಕೆಂದಲ್ಲ. ಆರೋಗ್ಯವಂತರ ಹೃದಯವೂ ಸ್ಪಂದಿಸುತ್ತದೆ. ಕೈಕಾಲು ಬೆಚ್ಚಗಿದ್ದು ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು) ಸರಿಯಿದ್ದರೆ ಸುಮ್ಮನಿರುವುದೇ ಚಿಕಿತ್ಸೆ.

ಪ್ರಶ್ನೆ: ಸೆಪ್ಸಿಸ್‌ಗೆ (ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿಗೆ) ಈ ಗೋಲ್ ಡೈರೆಕ್ಟೆಡ್ ವಿಧಾನ ಉಪಯೋಗವಿಲ್ಲ ಎಂದು ಸಾಬೀತಾಗಿದೆಯಂತಲ್ಲ?

ಪೂರ್ತಿ ಹಾಗಲ್ಲ. 2001ರಲ್ಲಿ ಎಮ್ಯಾನುಯೆಲ್ ರಿವರ್ಸ್ ತಂಡ 263 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಸಾವು ಶೇ. 46.5 ಇದ್ದರೆ, ಮೊದಲ ಆರು ಗಂಟೆ ಗುರಿಯಿಟ್ಟು ಚಿಕಿತ್ಸೆ ಕೊಟ್ಟವರಲ್ಲಿ ಶೇ. 30.5 ಇತ್ತು. 2014–15ರಲ್ಲಿ ಬಂದ ಪ್ರೋಸೆಸ್, ಅರೈಸ್, ಪ್ರಾಮಿಸ್ ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. ಅಷ್ಟರಲ್ಲಿ ಸಾಮಾನ್ಯ ಚಿಕಿತ್ಸೆಯೇ ಸುಧಾರಿಸಿತ್ತು: ರೋಗವನ್ನು ಬೇಗ ಗುರುತಿಸಿ, ಆಂಟಿಬಯಾಟಿಕ್ ಮತ್ತು ದ್ರವವನ್ನು ಮೊದಲೇ ಕೊಡುವುದು ರೂಢಿಯಾಗಿತ್ತು. ಬಿದ್ದುಹೋದದ್ದು ಸಿವಿಪಿ (ಹೃದಯದ ಬಳಿಯ ದೊಡ್ಡ ಅಭಿಧಮನಿಯ ಒತ್ತಡ) 8–12 ಎಂಬಂಥ ಎಲ್ಲರಿಗೂ ಒಂದೇ ಗುರಿ. ಸರಾಸರಿ ಬಿಪಿ 65, ಇಳಿಯುತ್ತಿರುವ ಲ್ಯಾಕ್ಟೇಟ್ ಇವು ಈಗಲೂ ಗುರಿಗಳೇ. ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಹತ್ತು ಸೆಕೆಂಡ್ ಒತ್ತಿ ಬಿಟ್ಟು, ಮೂರು ಸೆಕೆಂಡಿನೊಳಗೆ ಬಣ್ಣ ಮರಳಿತೇ ಎಂದು ನೋಡುವುದೂ ಒಳ್ಳೆಯ ಗುರಿಯೇ. ಅದಕ್ಕೆ ಯಂತ್ರವೇ ಬೇಡ.

ಪ್ರಶ್ನೆ: ಆಪರೇಷನ್ ದಿನ ಮೂತ್ರ ಗಂಟೆಗೆ 25 ಮಿ.ಲೀ. ಆದರೆ ಡ್ರಿಪ್ ಜೋರು ಮಾಡಬೇಕೇ?

ಅದೊಂದನ್ನೇ ನೋಡಿ ಮಾಡಬೇಡಿ. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ಮೂತ್ರ ತಡೆಯುವ ಹಾರ್ಮೋನು ಏರುತ್ತದೆ, ನೀರು ಸಾಕಷ್ಟಿದ್ದರೂ ಮೂತ್ರ ಕಡಿಮೆಯಾಗುತ್ತದೆ. ಮೊದಲು ಕ್ಯಾಥೆಟರ್ ಮಡಚಿಕೊಂಡಿದೆಯೇ ನೋಡಿ. ಆಮೇಲೆ ರಕ್ತಸ್ರಾವ, ಲ್ಯಾಕ್ಟೇಟ್, ಸ್ಟ್ರೋಕ್ ವಾಲ್ಯೂಮ್.