ಮಾತಿಲ್ಲದ ಟ್ರ್ಯಾಕ್‌ನಲ್ಲಿ ಪ್ರತಿಭಟನೆ ಎಲ್ಲಿದೆ?

ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತದ ಆಟೆಕರ್ ಜೋಡಿಯ 1994ರ ‘ಆ್ಯಂಟಿ’ ಇಪಿಯನ್ನು (ಮೂರು ಟ್ರ್ಯಾಕ್‌ಗಳ ಕಿರು ಆಲ್ಬಮ್) ಮೂರು ಸಲ ಕೇಳಿದರೂ, ಬಯಲು ನೃತ್ಯಕೂಟಗಳನ್ನು ಹತ್ತಿಕ್ಕುವ ಅಂದಿನ ಮಸೂದೆಯ ವಿರುದ್ಧದ ಪ್ರತಿಭಟನೆಯ ಸುಳಿವು ಸಿಗಲಿಲ್ಲವೆಂದರೆ, ನೀವು ಅದನ್ನು ಬಹುಶಃ ಹೊದಿಕೆಯಿಲ್ಲದೆ, ಸ್ಟ್ರೀಮಿಂಗ್‌ನಲ್ಲಿ ಕೇಳಿರುವುದೇ ಕಾರಣ. ಅಲ್ಲಿ ಸಂದೇಶವಿದ್ದದ್ದು ಪೊಟ್ಟಣಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಮತ್ತು ತಾಳದ ಕಟ್ಟಿನಲ್ಲಿ.

ಮೊದಲು ಬ್ರಿಟನ್ನಿನ 1994ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 63ನೇ ಕಲಮನ್ನು ಓದಿ. ರಾತ್ರಿ ಬಯಲಿನಲ್ಲಿ ನಡೆಯುವ ರೇವ್‌ಗಳನ್ನು (ಜೋರು ಸಂಗೀತದ ನೃತ್ಯಕೂಟಗಳನ್ನು) ಚದುರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟ ಆ ಕಲಮು, ಒಂದರ ಹಿಂದೊಂದು ಮರುಕಳಿಸುವ ಬಡಿತಗಳೇ ಪ್ರಧಾನವಾದ ಸದ್ದನ್ನೂ ಸಂಗೀತದ ವ್ಯಾಖ್ಯೆಯೊಳಗೆ ಸೇರಿಸಿತು (ಈ ವಾಕ್ಯ ತಾನೇ ಒಂದು ವಿಡಂಬನೆಯಂತಿದೆ). ಬಳಿಕ ಆ ಚೀಟಿಯ ಚಿತ್ರವನ್ನು ಹುಡುಕಿ ನೋಡಿ: ಮಸೂದೆ ಕಾಯ್ದೆಯಾದರೆ ಬಡಿತ ಮರುಕಳಿಸುವ ‘ಲಾಸ್ಟ್’, ‘ಜಾರಮ್’ ಟ್ರ್ಯಾಕ್‌ಗಳೆರಡನ್ನೂ ನುಡಿಸಬೇಡಿ, ಮೂರನೆಯ ಟ್ರ್ಯಾಕ್ ‘ಫ್ಲಟರ್’ನ ಯಾವ ಎರಡು ಆವರ್ತಗಳ ಬಡಿತವೂ ಒಂದೇ ತೆರನಾಗಿಲ್ಲವಾದ್ದರಿಂದ ಅದನ್ನು ನುಡಿಸಬಹುದು, ಆದರೂ ಡಿಜೆಗಳು ಒಬ್ಬ ವಕೀಲರನ್ನೂ ಒಬ್ಬ ಸಂಗೀತಶಾಸ್ತ್ರಜ್ಞರನ್ನೂ ಜೊತೆಗಿಟ್ಟುಕೊಳ್ಳುವುದು ಒಳಿತು ಎಂಬ ಸಲಹೆ ಅದರಲ್ಲಿದೆ.

ಕೊನೆಗೆ ‘ಫ್ಲಟರ್’ ಒಂದನ್ನೇ ಹೆಡ್‌ಫೋನ್‌ನಲ್ಲಿ, ಮೇಲಿನ ಸ್ವರಗಳತ್ತ ಗಮನ ಕೊಡದೆ, ಡ್ರಮ್ಮಿನ ಆವರ್ತಗಳನ್ನು ಎಣಿಸುತ್ತ ಕೇಳಿ. ವ್ಯತ್ಯಾಸ ಮೊದಲ ಸಲಕ್ಕೇ ಕಿವಿಗೆ ಹತ್ತುತ್ತದೆಂದು ಹೇಳಲಾರೆ, ನನಗೂ ಹತ್ತಲಿಲ್ಲ. ಹಾಗಾದಲ್ಲಿ ‘ಲಾಸ್ಟ್’ ಅನ್ನು ಎರಡು ನಿಮಿಷ ಕೇಳಿ, ಕೂಡಲೇ ‘ಫ್ಲಟರ್’ಗೆ ಮರಳಿ.