ಬಡವರ ಹತ್ರ 10 ರೂಪಾಯಿ ಇಸ್ಕೊಂಡ್ರೆ ತಪ್ಪಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಹೆಂಗಸರೆಲ್ಲ ಸೇರಿ ಹಳೇ ಬಟ್ಟೆ, ಪಾತ್ರೆ, ಸ್ಕೂಲ್ ಬ್ಯಾಗು ಜೋಡಿಸಿ ಪಕ್ಕದ ಶೆಡ್‌ಗಳಲ್ಲಿರೋ ಕಟ್ಟಡ ಕೆಲಸದೋರಿಗೆ 10, 20 ರೂಪಾಯಿಗೆ ಕೊಡೋ ಅಂಗಡಿ ಮಾಡೋಣ ಅಂತಿದೀವಿ. ಬಡವರ ಹತ್ರ ದುಡ್ಡು ಇಸ್ಕೊಳ್ಳೋದು ಪಾಪ, ಸುಮ್ನೆ ಹಂಚಿಬಿಡಿ ಅಂತ ಮನೇಲಿ ಬೈತಾರೆ. ಏನ್ಮಾಡ್ಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಅಂಗಡಿನೇ ಮಾಡಿ. ಹಂಚೋ ಕಡೆ ನಾನು ನಿಂತು ನೋಡಿದೀನಿ, ಮೂಟೆ ಬಿಚ್ಚಿದ ತಕ್ಷಣ ನೂಕಾಟ, ಯಾರ ಕೈಗೆ ಏನು ಸಿಕ್ಕಿದ್ರೆ ಅದೇ, ಒಬ್ಬ ಅಜ್ಜಿಗೆ ಜೀನ್ಸ್ ಪ್ಯಾಂಟ್ ಸಿಕ್ಕಿತ್ತು, ಬೇಡ ಅನ್ನೋಕೂ ಸಂಕೋಚ, ಎದೆಗೆ ಅವಚ್ಕೊಂಡು ಸುಮ್ನೆ ಹೋದ್ರು. ದುಡ್ಡು ಕೊಟ್ಟು ತಗೊಳ್ಳೋರು ಹಾಗಲ್ಲ, ಸೀರೆ ಬಿಚ್ಚಿ ಬೆಳಕಿಗೆ ಹಿಡಿದು ಸೆರಗು ನೋಡಿ, ಇದು ಬೇಡ, ಆ ನೀಲಿದು ತೋರ್ಸಿ ಅಂತಾರೆ. ಹಾಗೆ ಕೇಳೋ ಧೈರ್ಯ ಆ 10 ರೂಪಾಯಿಯಿಂದ ಬಂದಿರುತ್ತೆ. 1999ರಲ್ಲಿ ಶುರುವಾದ ಗೂಂಜ್ ಸಂಸ್ಥೆನೂ ಬಟ್ಟೆನ ದಾನ ಅಂತ ಕೊಡಲ್ಲ, ಹಳ್ಳಿಯೋರು ಬಾವಿ ತೋಡಿದ್ರೆ, ಕೆರೆ ಕ್ಲೀನ್ ಮಾಡಿದ್ರೆ ಅದಕ್ಕೆ ಪ್ರತಿಯಾಗಿ ಕೊಡುತ್ತೆ.

ಆದ್ರೆ ಒಗೆದು, ಗುಂಡಿ ಹಾಕಿ, ಝಿಪ್ ನೋಡಿ ಇಡಿ. ನೆಂಟರಿಗೆ ಕೊಡೋಕೆ ನಾಚಿಕೆ ಆಗೋ ಬಟ್ಟೆ ಅಲ್ಲಿಗೂ ಬೇಡ. ಅಂಗಡಿ ಭಾನುವಾರ ತೆಗೀರಿ, ಹಿಂದಿನ ದಿನ ಬಟವಾಡೆ ಆಗಿರುತ್ತೆ, ಬಿಡುವೂ ಇರುತ್ತೆ.

ಇನ್ನೊಂದು ಮಾತು, ನನಗೆ ಬಟ್ಟೆಗಿಂತ ಇದೇ ಮುಖ್ಯ. ಮೂಲೇಲಿ ಒಂದು ಟೇಬಲ್ ಹಾಕಿ ನಿಮ್ಮ ಕಾಲೇಜು ಮಕ್ಕಳನ್ನ ಕೂರಿಸಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದೋರ ರೇಷನ್ ಕಾರ್ಡ್ ಊರಿಂದಾಗಿರುತ್ತೆ, ಅದೇ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡೀಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೋಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೃಹಲಕ್ಷ್ಮಿ 2000 ರೂಪಾಯಿ ಬರ್ತಿಲ್ಲ ಅಂದ್ರೆ ಖಾತೆಗೆ ಆಧಾರ್ ಲಿಂಕ್ ಆಗಿದ್ಯಾ, ಕಾರ್ಡಲ್ಲಿ ಯಜಮಾನಿ ಅಂತ ಅವರ ಹೆಸರೇ ಇದ್ಯಾ ನೋಡಿ. ಲೇಬರ್ ಕಾರ್ಡ್ ಇಲ್ಲದಿದ್ರೆ ಮಾಡಿಸಿಕೊಡಿ, 18ರಿಂದ 60 ವಯಸ್ಸು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರ್ಬೇಕು, ಮಕ್ಕಳ ಓದಿಗೆ, ಹೆರಿಗೆಗೆ ಸಹಾಯಧನ ಇದೆ. ಅರ್ಜಿ ತುಂಬೋಕೆ ಅಂತ ಒಂದು ದಿನದ ಕೂಲಿ ಬಿಟ್ಟು, ಏಜೆಂಟಿಗೂ ದುಡ್ಡು ಕೊಟ್ಟು ಬರಿಗೈಲಿ ವಾಪಸ್ ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಾರಿ ಬಂದ ದುಡ್ಡನ್ನ ಅವರ ಜೆರಾಕ್ಸು, ಫೋಟೋ ಖರ್ಚಿಗೇ ಇಡಿ, ಲೆಕ್ಕ ಗೋಡೆ ಮೇಲೆ ಬರೆದು ಹಾಕಿ. ಮನೇಲಿ ಬೈಯೋರನ್ನೂ ಒಂದು ಭಾನುವಾರ ಕರ್ಕೊಂಡು ಬಂದು ಆ ಟೇಬಲ್ ಹತ್ರ ಕೂರಿಸಿ.